ದ್ರಾಕ್ಷಿ ನೆನೆಸಿದ ಕೈ

ಪರೇಲ್, ಮುಂಬೈ
೧೧ ಜುಲೈ ೧೯೫೪, ಐತವಾರ ಸಂಜಿ

ನನ್ನ ಮಾರ್ಥಕ್ಕಗ ತಂಗಿ ದಾನವ್ವನ ಸಲಾಮ.

ಯೇಸುಸ್ವಾಮಿ ಕೃಪಾದಿಂದ ಬೆಟಗೇರ್ಯಾಗ ನೀವೆಲ್ಲಾ ಆರಾಮ ಅದೀರಿ ಅಂತ ತಿಳಕೊಂಡೇನಿ. ನಿನ್ನ ಮೂರು ಕಾಗದ ಬಂದು ಮುಟ್ಟ್ಯಾವ. ಒಂದಕ್ಕೂ ಉತ್ತರ ಬರೀಲಿಲ್ಲ. ಬೈ, ಬೈಸಿಕೊಳ್ಳಾಕ ತಯಾರದೇನಿ. ಸಣ್ಣಾಕಿದ್ದಾಗಿಂದ ನಿನ್ನ ಬಾಯಾಗ ಬೈಸಿಕೊಂಡ ಬೆಳದಾಕಿ ನಾ, ಹೊಸಾದೇನಲ್ಲ. ಮೂರನೇ ಕಾಗದದಾಗ ನೀ ಕೇಳಿದಿ: "ಈಸ್ಟರ್ ಹಬ್ಬದ ದಿನ ನಿನ್ನ ಗಂಡ ಸಮುವೇಲಪ್ಪನವರನ್ನ ಕರ್ತನ ಭೋಜನಕ್ಕ ಮತ್ತ ಕೂಡಿಸಿಕೊಂಡ್ರೋ ಇಲ್ಲೋ? ಒಂದು ಕಾರ್ಡಾದ್ರೂ ಹಾಕು. ಸಂತೋಷದಾಗ ಅಕ್ಕನ್ನ ಮರತಿ ಏನು?" ಅದನ್ನ ಓದಿ ನಾ ಒಲಿ ಮುಂದ ಕುಂತು ಅತ್ನಿ. ಕೂಡಿಸಿಕೊಂಡ್ರು ಅಕ್ಕಾ. ಅಲ್ಲಿಂದನ ಎಲ್ಲಾ ಕೆಟ್ಟಿತು.

ಮೊದಲಿಂದ ಹೇಳತೇನಿ. ಅರ್ಧಾ ಹೇಳಿದ್ರ ಉಳದ ಅರ್ಧಾ ನೀನ ಕೂಡಿಸಿಕೊಳ್ಳಾಕಿ, ಅದೂ ತಪ್ಪು ಕೂಡಿಸಿಕೊಳ್ಳಾಕಿ. ನಮ್ಮ ಕೂಸು ತೀರಿಕೊಂಡ ವರ್ಷ ಇವರು ಕುಡಿಯಾಕ ಹತ್ತಿದ್ದು ನಿನಗ ಗೊತ್ತೈತಿ. ಸರಕಾರ ದಾರೂಬಂದಿ ಮಾಡಿದಾಗ, ಇನ್ನ ನಮ್ಮ ಮನಿ ಉಳೀತು ಅಂತ ನಾ ಸ್ತೋತ್ರ ಮಾಡಿದ್ನಿ. ಹುಚ್ಚಿ! ಮೊದಲು ಅಂಗಡ್ಯಾಗ ಸಿಗತಿತ್ತು, ಆಮ್ಯಾಲೆ ಗಲ್ಲಿಗಲ್ಲ್ಯಾಗ ಸಿಗಾಕ ಹತ್ತಿತು. ೧೯೫೧ರಾಗ ಒಂದು ಐತವಾರ ಕುಡದ ಆರಾಧನಿಗೆ ಬಂದು, ಪ್ರಾರ್ಥನಿ ನಡುವ ಎಲ್ಲಾರ ಮುಂದ ಬಿದ್ರು. ಹಿರಿಯರು ಕೂಡಿ ಕರ್ತನ ಭೋಜನದಿಂದ ಹೊರಗಿಟ್ರು. ಮಿಲ್ಲಿನವರೂ ನೇಯೂ ಸಾಂಚಾದ ಮ್ಯಾಲಿಂದ ಇಳಿಸಿ ಕಸಾ ಹೊಡಿಯೂ ಝಾಡೂ ಕೈಯಾಗ ಕೊಟ್ರು.

ಹೊರಗಿಟ್ಟವರು ಕಡೀ ಚಾಪಿ ಮ್ಯಾಲೆ, ಬಾಗಲ ಹತ್ರ ಕೂಡಬೇಕು. ಭೋಜನ ಸುರುವಾದಾಗ ಎದ್ದು ಹೊರಗ ಹೋಗಬೇಕು. ಮೂರು ವರ್ಷ ನಾ ಒಬ್ಬಾಕೇನ ಮೇಜಿನ ಹತ್ರ ಹೋಗಿ, ಮೊಣಕಾಲೂರಿ, ರೊಟ್ಟಿ, ಬಟ್ಟಲದಾಗಿನ ಒಂದು ಗುಟುಕು ದ್ರಾಕ್ಷಿ ರಸಾ ತಗೊಂಡು ಬರತಿದ್ನಿ. ಇವರು ಹೊರಗ ನಮ್ಮಿಬ್ಬರ ಚಪ್ಪಲಿ ಹತ್ರ ನಿಂತಿರ್ತಿದ್ರು. ಬಂದ ಕೂಡಲೇ "ಆತೇನು?" ಅಂತ ಕೇಳತಿದ್ರು. "ಆತು" ಅಂತಿದ್ನಿ.

ಆದ್ರ ಹೋದ ವರ್ಷದ ಆರಂಭದಾಗ ಇವರು ಬಿಟ್ರು. ಹೆಂಗ ಬಿಟ್ರು ಅಂತ ನನಗೂ ತಿಳೀವಲ್ದು. ನಾ ಅಂತೂ ಪ್ರಾರ್ಥನಿ ಮಾಡಿ ಮಾಡಿ ಬ್ಯಾಸತ್ತಿದ್ನಿ. ಒಂದಿನ ಮುಂಜಾನೆ ಮುಖಾ ತೊಳಕೊಂಡು, "ದಾನೂ, ಇವತ್ತ ಕುಡಿಯೂದಿಲ್ಲ. ನಾಳಿದ್ದು ನಾಳೆ ಕೇಳು" ಅಂದ್ರು. ದಿನಾ ಹಂಗ ಅಂದ್ರು. ಅನ್ನಾ ಒಳಗ ಹೋಗತಿದ್ದಿಲ್ಲ, ಆದ್ರೂ ದಿನಾ ಅಂದ್ರು. ಹಿಂಗ ಹದಿನಾಕು ತಿಂಗಳು ಒಂದು ಹನಿ ಮುಟ್ಟಲಿಲ್ಲ. ಕೃಪಾ ಅಂದ್ರ ಏನು ಅಂತ ನಾ ಕಣ್ಣಾರೆ ನೋಡಿದ್ದು ಅವಾಗ.

ಇನ್ನ ಆ ಬಟ್ಟಲದ ದ್ರಾಕ್ಷಿ ವಿಷಯ. ಮರಾಠಿ ಸಭಾದವರು ಸರಕಾರದ ಪರವಾನಗಿ ತಗೊಂಡು ಹುದುಗಿಸಿದ ದ್ರಾಕ್ಷಾರಸ ತರತಾರ. ನಾವು ಇಪ್ಪತ್ತು ಮನಿ ಬೆಟಗೇರಿ ಹುಬ್ಬಳ್ಳಿ ಮಂದಿ, ಅವರ ದೇವಾಲಯದಾಗ ಐತವಾರ ಮಧ್ಯಾಹ್ನ ಜಾಗಾ ಬೇಡಿ ಆರಾಧನಿ ಮಾಡವರು. ನಮಗ್ಯಾರು ಪರವಾನಗಿ ಕೊಡಬೇಕು? ಮ್ಯಾಲೆ, ಕುಡಿಯೋದು ಬಿಟ್ಟವರು ನಮ್ಮೊಳಗ ನಾಕು ಮಂದಿ ಅದಾರ. ಅದಕ್ಕ ಅವ್ವ ಮಾಡತಿದ್ದಂಗನ ನಾ ಮಾಡತೇನಿ. ಕರೇ ಒಣದ್ರಾಕ್ಷಿ ತೊಳದು ನೆನೆಹಾಕಿ, ಕುದಿಸಿ, ಕಿವುಚಿ, ತೆಳ್ಳನ್ನ ಅರಿವ್ಯಾಗ ಸೋಸಿ ಬಾಟ್ಲಿಗೆ ತುಂಬೋದು. ಆರು ವರ್ಷ ಆತು, ಇದು ನನ್ನ ಕೆಲಸ. ಗಂಡ ಹೊರಗ ಕುಂತಾಗ್ಲೂ ಈ ಕೆಲಸ ನನ್ನ ಕೈಯಿಂದ ಯಾರೂ ಕಸಗೊಳ್ಳಲಿಲ್ಲ, ಅದೊಂದು ಮಾನ ನನಗ ಉಳದಿತ್ತು.

ನಮಗ ಸಭಾಪಾಲಕರಿಲ್ಲ. ಅಯ್ಯನವರು ಪುಣೆದಿಂದ ಮೂರು ತಿಂಗಳಿಗೊಮ್ಮೆ ಬಂದು ಭೋಜನ ಕೊಡತಾರ. ಈ ಸಲ ಶುಭ ಶುಕ್ರವಾರಕ್ಕ ಬರತೇನಿ ಅಂದಿದ್ರು, ನಾ ಬುಧವಾರನ ರಸಾ ಮಾಡಿ ಇಟ್ನಿ. ಶುಕ್ರವಾರ ತಾರ ಬಂತು: ಜ್ವರ ಬಂದಾವ, ಐತವಾರ ಬರತೇನಿ ಅಂತ. ಎಪ್ರಿಲ್ ತಿಂಗಳ ಮುಂಬೈ ಸೆಕಿ, ನಮ್ಮ ಖೋಲಿ ಮ್ಯಾಲೆ ತಗಡು. ಬಾಟ್ಲಿ ನಾಕು ದಿನ ಅಲ್ಲೇ ಕುಂತಿತ್ತು. ಅವಸರದಾಗ ನಾ ತಗದು ನೋಡಲಿಲ್ಲ, ಹಂಗ ಒಯ್ದು ಬಟ್ಟಲಕ್ಕ ಸುರದ್ನಿ. ಯಾರಿಗೆ ಗೊತ್ತಿತ್ತು ಅಕ್ಕಾ, ಬಿಸಲಿಗೆ ಅದು ಹುದುಗಿ ದಾರೂ ಆಗಿರ್ತೇತಿ ಅಂತ.

ಅವತ್ತ ಆರಾಧನಿಗಿಂತ ಮೊದಲು ಶಂಕ್ರೆಪ್ಪ ತಕರಾರು ತಗದ. ಆಂವ ನಮ್ಮ ಸಭಾದ ದೊಡ್ಡ ಹಿರಿಯಾ, ರೇಲ್ವೇ ವರ್ಕಶಾಪಿನ ಫಿಟರ್, ನಡಿಯೋದೂ ರೇಲ್ವೇ ಹಳಿ ಮ್ಯಾಲೆ ನಡದಂಗ. "ನಾಯಿ ಬಾಲಕ್ಕ ದಬ್ಬಿ ಕಟ್ಟಿದ್ರ ನೆಟ್ಟಗಾಗ್ತೇತೇನ್ರಿ? ಇನ್ನೊಂದು ವರ್ಷ ನೋಡೋಣು" ಅಂದ. ಅಯ್ಯನವರು ಜ್ವರದ ಮಾರಿ ಒರಸಿಕೊಂಡು ಅಂದ್ರು: "ಕೃಪಾ ದುಡದು ಗಳಿಸೋದಲ್ಲ ಶಂಕ್ರೆಪ್ಪ. ಹಂಗಿದ್ರ ನಾನೂ ನೀವೂ ಇವತ್ತ ಹೊರಗ ಕೂಡಬೇಕಾಗಿತ್ತು." ಆಂವ ಹೋಗಿ ತನ್ನ ಚಾಪಿ ಮ್ಯಾಲೆ ಕುಂತ. ನಾ ಮನಸಿನ್ಯಾಗ ಭಾಳ ಖುಷಿಪಟ್ನಿ, ಸುಳ್ಳ್ಯಾಕ ಹೇಳಲಿ.

ಇವರನ್ನ ಮುಂದ ಕರದು, ತಲಿ ಮ್ಯಾಲೆ ಕೈಯಿಟ್ಟು ಪ್ರಾರ್ಥನಿ ಮಾಡಿದ್ರು. ನಾವಿಬ್ಬರೂ ಬಾಜೂಬಾಜೂಕ ಮೊಣಕಾಲೂರಿದ್ವಿ. ಬಟ್ಟಲಾ ಇವರ ತುಟಿಗೆ ಬಂತು. ಅಲ್ಲೇ ತಡದ್ರು. ಒಮ್ಮೆ ನನ್ನ ಕಡೆ ನೋಡಿದ್ರು. ಆಮ್ಯಾಲೆ ಕಣ್ಣು ಮುಚ್ಚಿ ಒಂದು ಗುಟುಕು ಕುಡದ್ರು.

ಸಂಜಿಕೆ ಅಯ್ಯನವರನ್ನ ದಾದರ್ ಸ್ಟೇಶನ್ನಿಗೆ ಮುಟ್ಟಿಸಿ ಬರತೇನಿ ಅಂತ ಹೋದವರು ಬರಲಿಲ್ಲ. ಬುಧವಾರ ಬಾಜೂ ಖೋಲಿ ನಾಗವ್ವನ ಗಂಡ ಈರಣ್ಣ ಆಂಟಾಪ್ ಹಿಲ್ ಹಿಂದಿನ ಕಳ್ಳಭಟ್ಟಿ ಹತ್ರದಿಂದ ಇವರನ್ನ ಹೆಗಲಿಗೆ ಹಾಕ್ಕೊಂಡು ಬಂದ. ಅವರು ವಿಜಾಪುರದ ಲಿಂಗಾಯತರು, ನಮ್ಮ ಸಭಾದವರಲ್ಲ, ಆದ್ರ ಆ ದಿನ ನಮ್ಮ ಬಾಗಲಾ ತಟ್ಟಿದವರು ಅವರಷ್ಟ. ಆಮ್ಯಾಲೆ ಐದು ವಾರ ಏನು ನಡೀತು ಅಂತ ಬರಿಯಾಕ ನನ್ನ ಕೈ ಬರವಲ್ದು. ಮೇ ತಿಂಗಳ ಕಡೀಕ ಯಾರೋ ಕೆಟ್ಟ ದಾರೂ ಕುಡಿಸ್ಯಾರ. ಜೋಡಿ ಕುಡದವರು ಇಬ್ಬರು ಸತ್ರು. ಇವರು ದವಾಖಾನ್ಯಾಗ ಹದಿಮೂರು ದಿನ ಇದ್ದು ಉಳದ್ರು, ಕಣ್ಣು ಮಾತ್ರ ಹೋದ್ವು. ಬೆಳಕು ಯಾವುದು ಕತ್ತಲಿ ಯಾವುದು ಅಷ್ಟು ತಿಳೀತೇತಿ. ಮತ್ತ ಬರೂದಿಲ್ಲ ಅಂತ ಡಾಕ್ಟರು ಅಂದ್ರು.

ಮನಿಗೆ ಬಂದ ವಾರದಾಗ ಹಿರಿಯರು ಬಂದ್ರು. ಶಂಕ್ರೆಪ್ಪ ಅಂದ: "ಅದ ಬಟ್ಟಲದಾಗ ಎಲ್ಲಾರೂ ಕುಡದೇವಿ. ಸ್ವಲ್ಪ ಹುಳಿ ಅನಸ್ತು, ಆದ್ರ ನಮಗ್ಯಾರಿಗೂ ಏನೂ ಆಗಲಿಲ್ಲ. ಉಪ್ಪು ತಿಂದಾಂವ ನೀರು ಕುಡೀಬೇಕು, ಸಮುವೇಲಪ್ಪ." ಇವರು ಹಾಸಿಗ್ಯಾಗಿಂದ ಎದ್ದು ಕುಂತು, "ನಂದ ತಪ್ಪು. ಬಟ್ಟಲದ ಹೆಸರು ಎತ್ತಬ್ಯಾಡ್ರಿ" ಅಂದ್ರು. ಮತ್ತ ಹೊರಗಿಟ್ರು. ಹೋಗೂ ಮುಂದ ಶಂಕ್ರೆಪ್ಪ ನನಗ, "ಬಿಸಲಿಗೆ ಹುಳಿ ಬಂದ್ರ ಅದು ನಿನ್ನ ತಪ್ಪಲ್ಲ ತಂಗಿ" ಅಂತ ಸಮಾಧಾನ ಹೇಳಿದ. ನಾ ಹೌದನ್ನೂವಂಗ ತಲಿ ಅಲ್ಲಾಡಿಸಿದ್ನಿ.

ಅವತ್ತಿಂದ ಒಂದು ಐತವಾರನೂ ಇವರು ತಪ್ಪಿಸಿಲ್ಲ. ಇವತ್ತ ಮಳಿಗೆ ಓಣ್ಯಾಗ ಮೊಣಕಾಲ ಮಟಾ ನೀರು. "ಇವತ್ತೊಂದಿನ ಬ್ಯಾಡ್ರಿ" ಅಂದ್ನಿ. "ನೀರಾಗ ನಡಿಯಾಕ ಕಣ್ಣ್ಯಾಕ ಬೇಕು?" ಅಂತ ನಕ್ಕು, ನನ್ನ ರಟ್ಟಿ ಹಿಡದು ಹೊಂಟ ಬಿಟ್ರು. ಅದ ಕಡೀ ಚಾಪಿ, ಅದ ಬಾಗಲಾ. ಪುಸ್ತಕ ನೋಡದನ ಎಲ್ಲಾ ಗೀತಾ ಹಾಡತಾರ, ದನಿ ಮೊದಲಿಗಿಂತ ದೊಡ್ಡದಾಗೇತಿ. ಮನ್ಯಾಗ ಕುರ್ಚಿಗೆ ಬೆತ್ತಾ ಹೆಣೀತಾರ. ನೇಕಾರನ ಬೆರಳು, ಕಣ್ಣಿಲ್ಲದನೂ ನಡೀತಾವ. ದಿನಾ ಪ್ರಾರ್ಥನ್ಯಾಗ ಶಂಕ್ರೆಪ್ಪನ ಹೆಸರು ತಗೊಂಡು ಆಶೀರ್ವಾದ ಬೇಡತಾರ. ನನಗ ಮೈ ಉರೀತೇತಿ. ನಾ ಆ ಹೆಸರಿಗೆ ಆಮೆನ್ ಅನ್ನೂದಿಲ್ಲ.

ಹೋದ ವಾರ ತಡೀಲಾರದ ಕೇಳೇ ಬಿಟ್ನಿ: "ಅವತ್ತ ಬಟ್ಟಲಾ ಹಿಡದು ತಡದ್ರಿ, ನನ್ನ ಕಡೆ ನೋಡಿದ್ರಿ. ಯಾಕ?"

ಹೆಣಿಯೋದು ಬಿಟ್ಟು ಅಂದ್ರು: "ವಾಸನಿ ಬಂತು ದಾನೂ. ನನಗ ಗೊತ್ತಾಗದ ಇರ್ತೇತೇನು? ತಿರುಗಿ ಕೊಟ್ಟಿದ್ರ, ಇದನ್ನ ಮಾಡಿದ ಕೈ ಯಾರದು ಅಂತ ಎಲ್ಲಾರೂ ನಿನ್ನ ಕಡೆ ನೋಡತಿದ್ರು. ಮೂರು ವರ್ಷ ನನ್ನ ಸಲುವಾಗಿ ತಲಿ ತಗ್ಗಿಸಿದಾಕಿ ನೀ. ಪಾಪ, ನಿನಗೇನು ಗೊತ್ತಿತ್ತು? ಒಂದ ಗುಟುಕು ಅಷ್ಟ, ಕರ್ತ ಕಾಯತಾನ ಅಂದ್ಕೊಂಡ್ನಿ."

"ಕಾಯಲಿಲ್ಲಲ್ಲ!" ಅಂತ ಚೀರಿದ್ನಿ.

"ಕಾಯ್ದಾನ. ಇಬ್ಬರು ಹೋದ್ರು, ನಾ ಉಳದೇನಿ. ಯಾಕ ಉಳಿಸಿದ ಅಂತ ದಿನಾ ಕೇಳತೇನಿ. ಇನ್ನೂ ಹೇಳಿಲ್ಲ, ಕೇಳಕೋತ ಇರತೇನಿ." ಇಷ್ಟಂದು ಮತ್ತ ಬೆತ್ತಾ ಹೆಣಿಯಾಕ ಹತ್ತಿದ್ರು.

ಅಕ್ಕಾ, ಅವತ್ತಿಂದ ನನಗ ಪ್ರಾರ್ಥನಿ ಬರವಲ್ದು. ನನ್ನ ಸಲುವಾಗಿ ನೀ ಮಾಡು. ನಿನ್ನ ಮಗಳು ಸುಗುಣಾನ ಮದುವಿ ಕೂಡಿ ಬಂದದ್ದಕ್ಕ ನಮ್ಮಿಬ್ಬರಿಗೂ ಸಂತೋಷ ಆತು. ಬರಾಕಾಗೂದಿಲ್ಲ, ಸಿಟ್ಟಾಗಬ್ಯಾಡ. ದೇವರು ಅಕಿಗೆ ತುಂಬಿದ ಮನಿ ಕೊಡಲಿ, ಗಂಡಾ ಹೆಂಡತಿ ನಡುವ ಮುಚ್ಚುಮರೆ ಇಲ್ಲದಂಥಾ ಬಾಳುವೆ ಕೊಡಲಿ. ಮಾವನವರಿಗೆ ಸಲಾಮ, ಹುಡುಗರಿಗೆ ಮುದ್ದು.

ನಿನ್ನ ತಂಗಿ
ದಾನವ್ವ

ತಾ.ಕ.: ಮರತದ್ದನ್ನ ಇಲ್ಲಿ ಬರೀತಾರ. ನಾ ಮರತಿಲ್ಲ. ಮ್ಯಾಲೆ ಒಂದು ಸುಳ್ಳು ಬರದೇನಿ. ಬಾಟ್ಲಿ ತಗದು ನೋಡಲಿಲ್ಲ ಅಂದೆನಲ್ಲ, ನೋಡಿದ್ನಿ. ಆರಾಧನಿಗೆ ಅರ್ಧಾ ತಾಸು ಇತ್ತು. ಬಿರಡಿ ತಗದ ಕೂಡಲೇ ಬುರುಗು ಎದ್ದು ಮುಂಗೈ ಮ್ಯಾಲೆ ಹರೀತು. ನಾಲಿಗಿಗೆ ಹಚ್ಚಿ ನೋಡಿದ್ನಿ. ಆ ವಾಸನಿ ಜೋಡಿ ಅಷ್ಟು ವರ್ಷ ಮಲಗಿ ಎದ್ದಾಕಿ ನಾ, ನನಗ ಗೊತ್ತಾಗಲಿಲ್ಲ ಅಂದ್ರ ಯಾರು ನಂಬಬೇಕು? ಹೇಳಿದ್ರ ಅವತ್ತ ಭೋಜನ ಇಲ್ಲ. ಅಯ್ಯನವರು ಮತ್ತ ಬರೋದು ಜುಲೈಕ್ಕ, ಅಷ್ಟರಾಗ ಶಂಕ್ರೆಪ್ಪ ಎಲ್ಲಾರ ಮನಸು ಕೆಡಸ್ತಾನ. ಅದಕ್ಕ ಎರಡು ಲೋಟಾ ನೀರು ಬೆರಸಿ, ವಾಸನಿ ಕಡಿಮಿ ಆತು ಅಂತ ನನಗ ನಾನ ಹೇಳಿಕೊಂಡು ಸುರದ್ನಿ. ಇವರ ಸಲುವಾಗಿ ಮಾಡಿದ್ನಿ ಅಂತ ಬರೀಬೇಕಂದ್ನಿ, ಅದೂ ಸುಳ್ಳು. ಸಭಾದ ಹೆಂಗಸರ ಮುಂದ ಒಂದ ಸಲ ಗಂಡನ ಬಾಜೂ ಮೊಣಕಾಲೂರಿ, ತಲಿ ಎತ್ತಿಕೊಂಡು ಮನಿಗೆ ಬರಬೇಕಾಗಿತ್ತು ನನಗ. ನನ್ನ ಮಾನ ಉಳಿಸಾಕ ಅವರು ಗೊತ್ತಿದ್ದೂ ಕುಡದ್ರು. ನಾ ಗೊತ್ತಿದ್ದೂ ಕುಡಿಸಿದ್ನಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡದಂಗ, ಯಾರೂ ನೋಡಲಿಲ್ಲ ಅಂದ್ಕೊಂಡು ಮೂರು ತಿಂಗಳು ಆತು.

"ಇಷ್ಟೊತ್ತು ಅಕ್ಕಗ ಏನು ಬರದಿ, ಓದಿ ಹೇಳು" ಅಂತ ಇವರು ಅಂದ್ರು. ಸಹಿ ಮಾಡಿದಲ್ಲಿತನಕ ಓದಿ ಹೇಳಿದ್ನಿ. ಈಗ ಪೆನ್ನಿನ ಸಪ್ಪಳ ಕೇಳಿ, "ಮತ್ತೇನು ಬರಿಯಾಕ ಹತ್ತಿ?" ಅಂತ ಕೇಳಾಕ ಹತ್ಯಾರ. ಮಾರಿ ನನ್ನ ಕಡೆ ತಿರುಗಿಸಿ ಕುಂತಾರ. ಇದನ್ನೂ ಓದತೇನಿ. ಓದಿದ ಮ್ಯಾಲೇನ ಡಬ್ಬಿಗೆ ಹಾಕತೇನಿ. ಈ ಕಾಗದ ನಿನ್ನ ಕೈ ಸೇರಿದ್ರ, ದಾನವ್ವ ಓದಿ ಹೇಳ್ಯಾಳ ಅಂತ ತಿಳಕೋ.