ಹಿಡಿಯಿಲ್ಲದ ಕುರ್ಚಿ

ಸೆಡೂನಾ,
ಮಾರ್ಚ್ 9, ಭಾನುವಾರ

ಪ್ರೀತಿಯ ಅಪ್ಪಾ,

ನಿನ್ನ ಸೊಂಟನೋವು ಹೇಗಿದೆ? ಸೀಗಡಿ ದೋಣಿಯಲ್ಲಿ ಬಲೆ ಎಳೆಯುವುದನ್ನು ಚಿಕ್ಕವರಿಗೆ ಬಿಡು ಎಂದರೆ ನೀನು ಕೇಳುವವನಲ್ಲ. ನೀನು ದಡಕ್ಕೆ ಬರುವ ಹೊತ್ತಿಗೆ ಈ ಕಾಗದ ಬಂದರಿನಲ್ಲಿ ಕಾದಿರುತ್ತದೆ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ನಾನು ಚೆನ್ನಾಗಿದ್ದೇನೆ, ಆದರೆ ವಾಯಾಲಾದ ಮನೆಯಲ್ಲಿಲ್ಲ.

ಕೊನೆಗೂ ನನ್ನದೇ ಗಾಲಿಕುರ್ಚಿ ಕೊಂಡೆ. ಕಾರು ಮಗುಚಿದಾಗಿನಿಂದ ಆಸ್ಪತ್ರೆಯ ಮೊದ್ದು ಕುರ್ಚಿಯಲ್ಲಿ ಮೂಟೆಯ ಹಾಗೆ ಕೂತು ಸಾಕಾಗಿತ್ತು. ಕಡಲೊಳಗೆ ಚಾಚಿದ ಜೆಟ್ಟಿಯ ತುದಿಗೆ ಹೋಗಿ ಏಡಿ ಹಿಡಿಯಬೇಕು, ಈಜಲು ಹೋಗಬೇಕು, ಅದಕ್ಕೆ ತಕ್ಕದ್ದು ಕೊಡು ಎಂದು ಅಂಗಡಿಯವಳಿಗೆ ಹೇಳಿದೆ. ಅವಳು ದರ್ಜಿಯಂತೆ ನನ್ನ ಸೊಂಟ, ತೊಡೆ, ಮೊಣಕಾಲು ಅಳೆದಳು. ಜೆಟ್ಟಿಯ ಹಲಗೆ ಸಂದಿಗೆ ಸಿಕ್ಕಿಕೊಳ್ಳದಂತೆ ಮುಂದಿನ ಪುಟ್ಟ ಗಾಲಿಗಳು ದಪ್ಪಗಿರಲಿ ಎಂದುಕೊಂಡೆವು. ಹಿಂದಿನ ದೊಡ್ಡ ಗಾಲಿಗಳು ಗುಂಡಿ ಒತ್ತಿದರೆ ಕಳಚಿ ಬರುತ್ತವೆ. ಇಡೀ ಕುರ್ಚಿ ನಾನೇ ಕಾರಿನೊಳಗೆ ಎತ್ತಿಟ್ಟುಕೊಳ್ಳುವಷ್ಟು ಹಗುರ. ಡ್ಯಾರಿಲ್ ಪಕ್ಕದಲ್ಲೇ ನಿಂತು ತಲೆಯಾಡಿಸುತ್ತಿದ್ದ. ಅವತ್ತು ಕಾರು ಓಡಿಸಿದ್ದು ತಾನೇ ಎಂಬ ಅಳುಕಿಗೆ ನನ್ನ ಗಂಡ ಮೆತ್ತಗಾಗಿದ್ದಾನೆ ಎಂದುಕೊಂಡಿದ್ದೆ. ಬೆನ್ನ ಹಿಂದೆ ತಳ್ಳುವ ಹಿಡಿ ಬೇಡ ಎಂದಾಗ ಮಾತ್ರ ಅವನ ಮುಖ ಗಂಟಾಯಿತು. ನನ್ನ ಕಡೆ ನೋಡದೆ ಅಂಗಡಿಯವಳಿಗೆ ಹೇಳಿದ: "ಭಾರದ್ದೇ ಕೊಡಮ್ಮ, ಹಿಡಿ ಇರ್ಲಿ. ಇವಳು ಎಲ್ಲಿಗೆ ಹೋಗ್ಬೇಕು, ಯಾವಾಗ ಹೋಗ್ಬೇಕು ಅನ್ನೋದನ್ನ ನಾನು ನೋಡ್ಕೋತೀನಿ." ನಾನು ಹಿಡಿಯಿಲ್ಲದ್ದನ್ನೇ ತೆಗೆದುಕೊಂಡೆ.

ಕುರ್ಚಿ ಬಂದ ವಾರ ಒಬ್ಬಳೇ ಜೆಟ್ಟಿಗೆ ಹೋಗಿ ಬಕೆಟ್ಟು ತುಂಬ ನೀಲಿ ಏಡಿ ತಂದೆ. ನಿನಗೇ ಮೊದಲು ಬಡಿಸಬೇಕು ಅನ್ನಿಸಿತ್ತು, ಅಪ್ಪಾ. ಡ್ಯಾರಿಲ್ ಮುಟ್ಟಲಿಲ್ಲ. ಮರುದಿನ ಮತ್ತೆ ಹೊರಟೆ. ಅವನು ನನ್ನ ಕಂಕುಳಿಗೆ ಕೈಹಾಕಿ ಎತ್ತಿ ನೆಲದ ಮೇಲೆ ಕೂರಿಸಿದ, ಗಾಲಿ ಎರಡನ್ನೂ ಕಳಚಿದ, ಹಿತ್ತಿಲಿಗೆ ಹೋಗಿ ಶೆಡ್ಡಿನ ಮಾಡಿನ ಮೇಲೆ ಎಸೆದು ಬಂದ. ದನಿಯಲ್ಲಿ ಕೋಪವೇ ಇರಲಿಲ್ಲ. "ಯಾರ ಹಂಗೂ ಬೇಡ ಅಂದ್ಯಲ್ಲ ನರೆಲ್, ಈಗ ಹೋಗು ನೋಡೋಣ" ಅಂದು ಪಬ್ಬಿಗೆ ಹೋದ.

ಮೊಣಕೈ ಊರಿ ತೆವಳುತ್ತ ವರಾಂಡ ಸೇರುವಷ್ಟರಲ್ಲಿ ಚರ್ಮ ಸುಲಿದಿತ್ತು. ನನ್ನ ಕೂಗು ಕೇಳಿ ಓಡಿಬಂದ ಪಕ್ಕದ ಮನೆಯ ಲೋರ್ನಾ ಏಣಿ ಹಾಕಿ ಗಾಲಿ ಇಳಿಸಿದಳು. ಅವಳ ವ್ಯಾನಿನಲ್ಲೇ ಇಲ್ಲಿಗೆ, ಅವಳ ತಂಗಿಯ ಮನೆಗೆ ಬಂದೆ. ಡ್ಯಾರಿಲ್ ಫೋನಿನಲ್ಲಿ ಅತ್ತ, ತಮಾಷೆಗೆ ಮಾಡಿದ್ದಂತೆ. ನಾನು ಹಿಂತಿರುಗುವುದಿಲ್ಲ. ಅವನನ್ನು ಹುಡುಕಿಕೊಂಡು ನೀನೂ ಹೋಗಬೇಡ. ನಿನ್ನ ಕೋಪ ನನಗೆ ಗೊತ್ತು.

ಗಾಳಿ ಎದ್ದರೆ ಆಳಕ್ಕೆ ಹೋಗಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ದೋಣಿಯವರಿಗೆಲ್ಲ ನನ್ನ ನೆನಪು ಹೇಳು.

ನಿನ್ನ ಮಗಳು,
ನರೆಲ್

ತಾ.ಕ.: ನಾನಿರುವ ಊರನ್ನು ಅಮ್ಮನಿಗೆ ಮಾತ್ರ ಹೇಳಬೇಡ. ಡ್ಯಾರಿಲ್ ಗಾಲಿ ಕಳಚಿದ ದಿನ ಅವಳು ನಮ್ಮ ಮನೆಯಲ್ಲೇ ಇದ್ದಳು, ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. "ಗಂಡ ಹೇಳಿದ್ದು ಕೇಳಿದ್ರೆ ಹಿಂಗಾಗ್ತಿತ್ತಾ" ಅಂದಳು. ಆಮೇಲೆ ಬಟ್ಟೆ ತಂದು, ನಾನು ತೆವಳಿದ ನೆಲವನ್ನು ಒರೆಸುತ್ತ ನನ್ನ ಹಿಂದೆಯೇ ಬಂದಳು.