ಕೊನೆಯ ಗುಡ್ಡದ ಮೇಲೊಂದು ಮೊನೆ

ಮನೆ,
ಜೂನ್ ಎಂಟು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹಡಗಿನ ಇಂಜಿನ್ ಕೋಣೆಯ ಸೆಕೆಗೆ ಮತ್ತೆ ಬೆವರುಸಾಲೆ ಎದ್ದಿದೆಯೇ? ಪುಡಿ ಹಚ್ಚಿಕೊಳ್ಳಲು ಸೋಮಾರಿತನ ಮಾಡಬೇಡ. ಅಮ್ಮ ಈಗಷ್ಟೇ ಮಲಗಿದಳು. ಕಿಟಕಿಯ ಪರದೆ ಉಬ್ಬಿ ಇಳಿಯುವುದನ್ನು ನೋಡುತ್ತಾ ನನಗೂ ಅರೆನಿದ್ದೆ. ಅಕ್ಷರ ಸೊಟ್ಟಗಾದರೆ ಬೈಯಬೇಡ.

ಆಸ್ಪತ್ರೆಯ ಬಿಲ್ಲಿಂಗಿನಲ್ಲಿ ಕೂತು ಲ್ಯಾಬಿನ ಪ್ರತಿ ಪರೀಕ್ಷೆಗೂ ವಿಮೆಯವರು ಕೇಳುವ ಕೋಡ್ ಹಾಕುವ ಕೆಲಸ ಸಿಕ್ಕಾಗ ನೀನು, "ಊರಿಗೆಲ್ಲ ಹೆಸರಿಡ್ತಿದ್ದೋಳು, ಇನ್ಮೇಲೆ ರಕ್ತಕ್ಕೂ ಹೆಸರಿಡ್ತೀಯಾ" ಎಂದು ನಕ್ಕಿದ್ದೆ. ಹೋದ ತಿಂಗಳು ನನ್ನ ಮುಂದೆ ಬಂದದ್ದು ಅಮ್ಮನ ರಕ್ತ. ಸುಸ್ತು ಎನ್ನುತ್ತಿದ್ದಳು, ಡಾಕ್ಟರು ಪ್ರೋಟೀನುಗಳನ್ನು ಬೇರೆಬೇರೆ ಮಾಡಿ ನೋಡುವ ಪರೀಕ್ಷೆ ಬರೆದರು. ಲ್ಯಾಬಿನ ಅಕ್ಕ ನನ್ನನ್ನು ಒಳಗೆ ಕರೆದು ತೋರಿಸಿದಳು. ಕರೆಂಟು ಹರಿದಂತೆ ಪ್ರೋಟೀನುಗಳು ಪಾರದರ್ಶಕ ಹಾಳೆಯ ಮೇಲೆ ತಮ್ಮತಮ್ಮ ನಡಿಗೆಯಲ್ಲಿ ಹೊರಡುತ್ತವೆ, ನಿಂತಲ್ಲಿ ನೀಲಿ ಗೆರೆಯಾಗುತ್ತವೆ. ಕಂಪ್ಯೂಟರಿನಲ್ಲಿ ಅವೇ ಸಾಲುಗುಡ್ಡಗಳು, ಮಂಜಿನಲ್ಲಿ ಕಂಡ ಹಾಗೆ. ನಮ್ಮಮ್ಮನ ಒಳಗೆ ಇಷ್ಟು ದೊಡ್ಡ ನಾಡಿದೆಯೇ ಎಂದು ಮೈಮರೆತು ನೋಡಿದೆ. ಕೊನೆಯ ತಗ್ಗುಗುಡ್ಡದ ಮೇಲೆ ಮಾತ್ರ ಸೂಜಿಯಂಥ ಮೊನೆ. ಅದು ಅಲ್ಲಿರಬಾರದು ಎಂದಳು ಅಕ್ಕ.

ಅದೇನೆಂದು ತಿಳಿಯಲು ಇನ್ನೊಂದು ಪರೀಕ್ಷೆ ಬೇಕಾಯಿತು. ವಿಮಾ ಕಂಪನಿಯವರು ಒಪ್ಪಲಿಲ್ಲ. "ಪ್ರೋಟೀನ್ ಟೆಸ್ಟು ಆಗಲೇ ಆಗಿದೆಯಲ್ಲ ಮೇಡಂ, ಮತ್ತೆ ಅದೇ ಯಾಕೆ?" ಎಂದರು ಫೋನಿನಲ್ಲಿ.

"ಅದೇ ಅಲ್ಲ ಸರ್. ಮೊದಲನೇದು ಯಾರೋ ಬಂದಿದ್ದಾರೆ ಅಂತ ಹೇಳುತ್ತೆ. ಇದು ಬಂದೋರು ಯಾರು ಅಂತ ಹೇಳುತ್ತೆ. ಕೋಡೇ ಬೇರೆ, ನೋಡಿ."

ಆ ಕಡೆ ಕೀಬೋರ್ಡಿನ ಸದ್ದು. "ಹೌದು, ಬೇರೆನೇ. ಆಗುತ್ತೆ ಬಿಡಿ. ಪೇಷಂಟು ನಿಮಗೇನಾಗಬೇಕು?" ಅಮ್ಮ ಎಂದು ಹೇಳಿ ಫೋನಿಟ್ಟೆ.

ಫಲಿತಾಂಶ ನೋಡಿ ಡಾಕ್ಟರು, ಒಂದೇ ಬಗೆಯ ಪ್ರೋಟೀನು ಅತಿಯಾಗಿದೆ, ಈಗ ಔಷಧಿ ಬೇಡ, ಆದರೆ ಇದು ಮುಂದೆ ರಕ್ತದ ಕಾಯಿಲೆಗೆ ತಿರುಗಬಹುದು, ಕಣ್ಣಿಟ್ಟಿರಬೇಕು ಎಂದರು. ಅಮ್ಮ ದಾರಿಯುದ್ದಕ್ಕೂ ನನ್ನ ಕೈ ಹಿಡಿದೇ ನಡೆದಳು. "ಅವನಿಗೆ ಹೇಳ್ಬೇಡ. ನಡುನೀರಲ್ಲಿರೋನು ಇಳಿದು ಬರೋಕಾಗುತ್ತಾ?" ಎಂದಳು. ನಾನು ಹೂಂ ಎಂದೆ, ಆದರೂ ಬರೆದಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಜೊತೆಯವರಿಗೆಲ್ಲ ನನ್ನ ನಮಸ್ಕಾರ.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಅಮ್ಮ ಎದ್ದು ಬಂದು ಬೆನ್ನ ಹಿಂದೆ ನಿಂತಿದ್ದಳು, ನನಗೆ ಗೊತ್ತಾಗಲಿಲ್ಲ. ಬೈಯಲಿಲ್ಲ. "ಎಲ್ಲಾ ಬರೆದಾಯ್ತಾ? ಹಾಗಾದ್ರೆ ಒಂದ್ಸಲ ಬಂದು ಹೋಗು ಅಂತಾನೂ ಬರಿ" ಎಂದಳು. ಬರೆದಿದ್ದೇನೆ, ಅಣ್ಣಾ.