ಊಟಕ್ಕೆ ಮುಂಚಿನ ಬಸ್ಸು

ಒಂಟಿಕೊಪ್ಪಲ್, ಮೈಸೂರು
೯-೪-೧೯೬೧

ಪ್ರೀತಿಯ ಅಣ್ಣನಿಗೆ ದೇವೀರಿಯ ನಮಸ್ಕಾರ.

ಹಾಸನದ ಹೊಸ ಕೋಣೆ ಹೇಗಿದೆ, ಕೆಮ್ಮು ಕಡಿಮೆಯಾಯಿತೆ? ಅವ್ವನ ಮಂಡಿನೋವು ಹಾಗೇ ಇದೆ. ನನ್ನ ಮದುವೆ ಮುಗಿಯುವವರೆಗೆ ಅದನ್ನು ವಿಚಾರಿಸಲು ಪುರುಸೊತ್ತಿಲ್ಲ ಅನ್ನುತ್ತಾಳೆ. ಎಡಗೈಯಲ್ಲಿ ಬರೆದ ನಿನ್ನ ಕಾಗದ ಬಂತು. ಅಕ್ಷರ ಈಗ ನನ್ನದಕ್ಕಿಂತ ಚೆನ್ನಾಗಿದೆ, ಬರೆದದ್ದನ್ನು ಓದಿ ಮಾತ್ರ ಮೈಯುರಿಯಿತು. ಒಬ್ಬಳೇ ತಂಗಿಯ ಧಾರೆಗೆ ಬಂದು, ಊಟಕ್ಕೆ ಮುಂಚಿನ ಬಸ್ಸಿಗೇ ಹೊರಟುಬಿಡುತ್ತೀಯಂತೆ! ಅಕ್ಕಿ ಮಿಲ್ಲಿನಲ್ಲಿ ಬಲಗೈ ಹೋದ ಈ ನಾಲ್ಕು ವರ್ಷದಲ್ಲಿ ನೀನು ಯಾರ ಮನೆಯ ಶುಭಕಾರ್ಯದಲ್ಲೂ ಊಟಕ್ಕೆ ನಿಂತವನಲ್ಲ. ನನ್ನದಕ್ಕೂ ಹೀಗೇನಾ?

ನನ್ನ ಕೆಲಸದ ಗೋಳು ಬೇರೆ. ಕೈಕಾಲು ಕಳೆದುಕೊಂಡವರಿಗೆ ಕಸುಬು ಕಲಿಸುವ ನಮ್ಮ ಪುನರ್ವಸತಿ ಕೇಂದ್ರದಲ್ಲಿ, ಬಂದವರನ್ನು ವಿಚಾರಿಸಿ ಫಾರಂ ತುಂಬಿ ಧೈರ್ಯ ಹೇಳುವುದು ನನ್ನ ಪಾಲು. ಮೇಲಿನವರಾದ ಪ್ರಭುಸ್ವಾಮಿಯವರು ಹಿಂದಿನ ಬೆಂಚಿನಲ್ಲಿ ಕೂತು ತಪ್ಪು ಹೆಕ್ಕುತ್ತಾರೆ. “ಪ್ರಶ್ನೆ ಕೇಳಿದ್ಮೇಲೆ ಸುಮ್ನಿರಿ ಕಣಮ್ಮ. ಉತ್ತರಾನೂ ನೀವೇ ಹೇಳ್ಬುಟ್ರೆ ಅವರ್ಯಾಕೆ ಬೇಕು?” ಧೈರ್ಯ ಹೇಳಿದರೆ ಅದೂ ತಪ್ಪು, “ಎಲ್ಲಾ ಸರಿಹೋಗುತ್ತೆ” ಅಂದರೆ ಬಂದವರ ಬಾಯಿ ಮುಚ್ಚಿಸಿದ ಹಾಗಂತೆ. ಸುಮ್ಮನಿರುವುದಕ್ಕೆ ಸಂಬಳ ಕೊಡುವ ಕಡೆ ಹೋಗಿ ಹೋಗಿ ನಾನು ಸೇರಿಕೊಂಡೆನಲ್ಲ ಅಣ್ಣ!

ಅಲ್ಲಿ ಚಾಮಯ್ಯ ಅಂತ ಒಬ್ಬರು. ಅವರಿಗೂ ಬಲಗೈ ಇಲ್ಲ, ಮರ ಕೊಯ್ಯುವ ಮಿಲ್ಲಿನಲ್ಲಿ ಹೋಯಿತು. ಕೇಂದ್ರದ ಮಧ್ಯಾಹ್ನದ ಊಟವನ್ನು ಮುಟ್ಟುತ್ತಲೇ ಇರಲಿಲ್ಲ. “ಹಸಿವಿಲ್ವಾ?” ಎಂದು ಕೇಳಿ, ಅವರು ಬಾಯಿ ತೆರೆಯುವ ಮೊದಲೇ ‘ಹಸಿವಿಲ್ಲ’ ಎಂದು ಮೂರು ವಾರ ಬರೆದುಕೊಂಡೆ. ಟಾನಿಕ್ಕೂ ಕೊಡಿಸಿದೆ. ನಿನ್ನೆ ಪ್ರಭುಸ್ವಾಮಿಯವರ ಕಾಟಕ್ಕೆ ಪೆನ್ನು ಕೆಳಗಿಟ್ಟು, “ಊಟದ ಹೊತ್ತಿಗೆ ಏನನ್ನಿಸುತ್ತೆ?” ಎಂದು ಕೇಳಿ ಬಾಯಿ ಬಿಗಿಹಿಡಿದು ಕೂತೆ. ಆ ಸಂಕಟ ನನಗೇ ಗೊತ್ತು. ಎಷ್ಟೋ ಹೊತ್ತಿಗೆ, “ಎಡಗೈಲಿ ಎಂಗವ್ವಾ ಉಣ್ಣದು, ಅಷ್ಟ್ ಜನದ ಎದುರ್ಗೆ? ಪಕ್ಕದೋರು ಎಲೆ ಬುಟ್ಟು ಎದ್ದೋಯ್ತಾರೆ” ಎಂದರು. ಮನೆಯಲ್ಲೂ ಗೋಡೆ ಕಡೆ ತಿರುಗಿ ಕೂತೇ ಉಣ್ಣುತ್ತಾರಂತೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಛತ್ರ ದೇವರಾಜ ಮೊಹಲ್ಲಾದಲ್ಲಿ ಗೊತ್ತಾಗಿದೆ. ಹೊಸ ಅಂಗಿ ಹೊಲಿಸಿಕೋ. ಅವ್ವ ಆಶೀರ್ವಾದ ತಿಳಿಸಲು ಎರಡು ಸಲ ಹೇಳಿದಳು.

ನಿನ್ನ ತಂಗಿ,
ದೇವೀರಿ

ತಾ.ಕ.: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದೆ. ಅಣ್ಣ, ನಿನ್ನ ಆ ಬಸ್ಸೂ ಇದಕ್ಕೇನಾ, ಚಾಮಯ್ಯನವರ ಹಾಗೆ? ಮನೆಗೆ ಬಂದಾಗಲೆಲ್ಲ “ಉಂಡ್ಕೊಂಡೇ ಬಂದೆ ಕಣೇ” ಎನ್ನುತ್ತಿದ್ದೆಯಲ್ಲ, ನಾನೂ ನಂಬಿ ತಟ್ಟೆ ಎತ್ತಿಡುತ್ತಿದ್ದೆ. ಒಳಕೋಣೆಯಲ್ಲಿ ಬೇರೆ ಎಲೆ ಹಾಕಿಸುತ್ತೇನೆ ಎಂದು ಬರೆದು ಹೊಡೆದುಹಾಕಿದ್ದೇನೆ. ಉತ್ತರ ನಾನು ಹೇಳಬಾರದು. ಜೊತೆಗೆ ಒಂದು ಖಾಲಿ ಕಾರ್ಡು ಇಟ್ಟಿದ್ದೇನೆ. ನೀನು ಬರೆಯುವವರೆಗೆ ನಾನು ಬಾಯಿ ಬಿಡುವುದಿಲ್ಲ.